ನೀರು ನಿಂತ ಹೊತ್ತು

(ತುಂಗಭದ್ರಾ ಎಡದಂಡೆ ಕಾಲುವೆಯ ಹಳ್ಳಿಯೊಂದರಲ್ಲಿ ರೈತರ ಮುಂದೆ ಆಡಿದ ಮಾತುಗಳಿವು. ಓದುವವರಿಗೆ ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಭೆಗೆ ಬರುವ ಮೊದಲು, ಬೆಳಿಗ್ಗೆ, ನಿಮ್ಮೂರಿನ ಒಂದು ಹತ್ತಿ ಹೊಲದಲ್ಲಿ ಅಡ್ಡಾಡಿ ಬಂದೆ. ಕಾಲುವೆ ಕಡೆಯಿಂದ ಒಳಗೆ ಹೋದೆ. ಅಲ್ಲಿ ಗಿಡ ಎದೆಮಟ್ಟ ಬೆಳೆದಿದೆ. ಎಲೆ ಕಡು ಹಸಿರು, ಕಾಯಿ ಮಾತ್ರ ಕಡಿಮೆ. ನೂರು ಹೆಜ್ಜೆ ನಡೆದೆ. ಗಿಡ ಸೊಂಟದ ಮಟ್ಟಕ್ಕೆ ಬಂತು, ಕಾಯಿ ತುಂಬಿತ್ತು. ಇನ್ನೂ ಮುಂದೆ ಹೋದರೆ ಗಿಡ ಗಿಡ್ಡ, ಎಲೆ ಬಾಡಿದೆ. ಕೊನೆಗೆ ಕೆಳಗಿನ ಬದುವಿನ ಹತ್ತಿರ ಬಂದರೆ ಎಲೆ ಹಳದಿ, ಕಾಲಿಟ್ಟಲ್ಲಿ ಕೆಸರು. ಒಂದೇ ಬೀಜ, ಒಂದೇ ಗೊಬ್ಬರ, ಬಿತ್ತಿದ್ದು ಒಂದೇ ದಿನ. ನೀರು ಕಟ್ಟಿದ್ದೂ ಒಂದೇ ದಿನ. ಹೊಲದ ಯಜಮಾನರನ್ನು ಕೇಳಿದೆ. "ಮಣ್ಣ ಹಂಗೇ ಅದರೀ ಸರ" ಅಂದರು.

ಮಣ್ಣಿನದೂ ಸ್ವಲ್ಪ ಪಾತ್ರ ಇರಬಹುದು. ಆದರೆ ಆ ಹೊಲದಲ್ಲಿ ನನಗೆ ಕಂಡದ್ದು ಬೇರೆ. ಅಲ್ಲಿ ಒಂದೊಂದು ಜಾಗದಲ್ಲಿ ನೀರು ಒಂದೊಂದು ಹೊತ್ತು ನಿಂತಿದೆ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದೊಂದನ್ನೇ.

ನಾವು ನೀರಿನ ಬಗ್ಗೆ ಮಾತಾಡುವಾಗ ಯಾವಾಗಲೂ ಎಷ್ಟು ಬಂತು, ಎಷ್ಟು ಬಿಟ್ಟರು ಅಂತ ಕೇಳುತ್ತೇವೆ. ಡ್ಯಾಮಿನಲ್ಲಿ ಎಷ್ಟು ಟಿಎಂಸಿ ಇದೆ, ಕಾಲುವೆಗೆ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ. ಕೇಳಬೇಕಾದ್ದೇ. ಆದರೆ ಆ ನೀರು ನಮ್ಮ ಬದು ದಾಟಿ ಒಳಗೆ ಬಂದ ಮೇಲೆ ಏನಾಯಿತು ಅಂತ ಯಾರೂ ಕೇಳುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಆಗ ನಮಗೆಲ್ಲ ನಿದ್ದೆ ಇರಲಿಲ್ಲ. ಹರಿದು ಹೋಗುವ ನೀರನ್ನು ಟಿವಿಯಲ್ಲಿ ನೋಡುತ್ತಾ ಹೊಟ್ಟೆ ಉರಿದುಕೊಂಡೆವು. ನಮ್ಮ ಹೊಲದ ತಲೆಯಲ್ಲಿ, ಅಂದರೆ ನೀರು ಒಳಗೆ ಬರುವ ತುದಿಯಲ್ಲಿ, ಬೇರಿನ ಕೆಳಗೆ ಇಳಿದು ಹೋಗುವ ನೀರು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದಕ್ಕೆ ಹೊಟ್ಟೆ ಉರಿಯುವುದೂ ಇಲ್ಲ.

ಸಾಲಿನಲ್ಲಿ ನೀರು ಹರಿಯುವುದನ್ನು ನೀವು ಸಾವಿರ ಸಲ ನೋಡಿದ್ದೀರಿ. ಇವತ್ತು ಕೈಯಲ್ಲಿ ಗಡಿಯಾರ ಹಿಡಿದು ನೋಡೋಣ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಸಾಲಿನ ಉದ್ದ 200 ಮೀಟರ್. ಬೆಳಿಗ್ಗೆ 6 ಗಂಟೆಗೆ ನೀರು ಬಿಟ್ಟಿರಿ. ನೀರಿನ ಮುಂತುದಿ ತೆವಳಿಕೊಂಡು ತೆವಳಿಕೊಂಡು ಕೆಳಗಿನ ತುದಿ ಮುಟ್ಟಿದಾಗ 9 ಗಂಟೆ. ಸರಿ, ತುದಿಗೂ ಚೆನ್ನಾಗಿ ಕುಡಿಯಲಿ ಅಂತ 11ರವರೆಗೆ ಬಿಟ್ಟು ಆಮೇಲೆ ನಿಲ್ಲಿಸಿದಿರಿ. ತಲೆಯಲ್ಲಿ 11 ಗಂಟೆ 10 ನಿಮಿಷಕ್ಕೆ ನೀರು ಇಂಗಿ ನೆಲ ಕಂಡಿತು. ತುದಿಯಲ್ಲಿ ನೆಲ ಕಂಡಿದ್ದು 11.30ಕ್ಕೆ. ಈಗ ಹೇಳಿ, ತಲೆಯ ಗಿಡಕ್ಕೆ ನೀರು ಎಷ್ಟು ಹೊತ್ತು ಸಿಕ್ಕಿತು? ಐದು ಗಂಟೆ ಹತ್ತು ನಿಮಿಷ. ತುದಿಯ ಗಿಡಕ್ಕೆ ಎರಡೂವರೆ ಗಂಟೆ. ಒಂದೇ ಸಾಲು, ಒಂದೇ ನೀರು. ಒಂದು ಕಡೆ ಸಿಕ್ಕ ಹೊತ್ತು ಇನ್ನೊಂದು ಕಡೆಯದಕ್ಕಿಂತ ಎರಡು ಪಟ್ಟು ಜಾಸ್ತಿ.

ಹೊತ್ತು ಎರಡು ಪಟ್ಟಾದರೆ ಇಂಗುವ ನೀರೂ ಎರಡು ಪಟ್ಟಾಗುತ್ತದಾ? ಇಲ್ಲ. ಇಲ್ಲಿಂದ ಮುಂದಿನದು ಮಣ್ಣಿನ ಕೈಯಲ್ಲಿದೆ. ಬಾಯಾರಿದವರು ಮೊದಲ ಚೊಂಬು ಗಟಗಟ ಕುಡಿದು ಆಮೇಲೆ ನಿಧಾನ ಮಾಡುವ ಹಾಗೆ ಮಣ್ಣು ಕೂಡ ಮೊದಲು ಬೇಗ ಹೀರಿ ಬರಬರುತ್ತ ನಿಧಾನವಾಗುತ್ತದೆ. ಕೊಸ್ಟಿಯಾಕೋವ್ ಎಂಬ ರಷ್ಯಾದ ವಿಜ್ಞಾನಿ 1932ರಲ್ಲಿ ಇದನ್ನು ಒಂದು ಸರಳ ಸೂತ್ರದಲ್ಲಿ ಬರೆದಿಟ್ಟರು. ಇವತ್ತಿಗೂ ನೀರಾವರಿ ಲೆಕ್ಕದಲ್ಲಿ ಅದನ್ನೇ ಬಳಸುತ್ತೇವೆ. ಸೂತ್ರ ಬೇಡ, ಅದರ ಫಲ ಹೇಳುತ್ತೇನೆ.

ಮಸಾರಿ ಭೂಮಿ ತಗೊಳ್ಳಿ. ಕೆಂಪು, ಉಸುಕು ಮಿಶ್ರಿತ. ಅದು ಮೊದಲೂ ಹೀರುತ್ತದೆ, ನಾಲ್ಕು ಗಂಟೆ ಆದ ಮೇಲೂ ಹೀರುತ್ತಲೇ ಇರುತ್ತದೆ. ಮೇಲಿನ ಲೆಕ್ಕದ ಹೊಲ ಮಸಾರಿಯಾದರೆ ತಲೆಯಲ್ಲಿ ತುದಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ನೀರು ಇಂಗುತ್ತದೆ. ಅದೇ ಎರೆ ಭೂಮಿ ನೋಡಿ, ಕಪ್ಪು ಮಣ್ಣು. ಒಣಗಿದಾಗ ಅಂಗೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ನೀರು ಬಿಟ್ಟ ಕೂಡಲೇ ಬಿರುಕಿಗೆ ಸುರಿಯುತ್ತದೆ. ಸ್ವಲ್ಪ ಹೊತ್ತಿಗೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ಇಂಗುವುದು ಗಂಟೆಗೆ ಒಂದೆರಡು ಮಿಲಿಮೀಟರ್, ಕೆಲವು ಕಡೆ ಅದೂ ಇಲ್ಲ. ಅಂಥ ಹೊಲದಲ್ಲಿ ಇದೇ ಐದು ಗಂಟೆ, ಎರಡೂವರೆ ಗಂಟೆಯ ವ್ಯತ್ಯಾಸಕ್ಕೆ ಇಂಗುವ ನೀರಿನಲ್ಲಿ ಆರನೇ ಒಂದು ಭಾಗದಷ್ಟು ಹೆಚ್ಚುಕಡಿಮೆ ಆಗಬಹುದು, ಅಷ್ಟೇ.

ಹಾಗಾದರೆ ಎರೆ ಹೊಲದವರು ನಿಶ್ಚಿಂತೆಯಾಗಿ ಇರಬಹುದಾ? ಇಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಎರೆಯಲ್ಲಿ ಹಿಡಿಸಲಾರದ ನೀರು ಮೇಲೇ ನಿಲ್ಲುತ್ತದೆ. ಇಳಿಜಾರಿದ್ದರೆ ತುದಿಗೆ ಹೋಗಿ ಬದುವಿಗೆ ಒರಗಿ ನಿಲ್ಲುತ್ತದೆ. ಬೇರಿಗೆ ಉಸಿರು ಸಿಗುವುದಿಲ್ಲ. ಬೆಳಿಗ್ಗೆ ನೋಡಿದ ಹಳದಿ ಎಲೆಗಳು ಇದರದ್ದೇ. ಆ ಹೊಲದಲ್ಲಿ ಬಾಡಿದ್ದ ಜಾಗ ತುದಿಯಲ್ಲ, ನಡುವಿಗೂ ತುದಿಗೂ ಮಧ್ಯೆ. ತಲೆಗೆ ಹೊತ್ತು ಜಾಸ್ತಿ ಸಿಕ್ಕಿತು, ತುದಿಗೆ ನಿಂತ ನೀರು ಸಿಕ್ಕಿತು, ಈ ಬಾಡಿದ ಜಾಗಕ್ಕೆ ಎರಡೂ ಇಲ್ಲ. ತುದಿಯಲ್ಲಿ ಕೆಸರು ಕಂಡರೆ "ಹೊಲಕ್ಕೆಲ್ಲ ನೀರು ಮುಟ್ಟಿತು" ಅಂತ ನಾವು ಮನೆಗೆ ಹೊರಡುತ್ತೇವೆ. ಅಲ್ಲೇ ಮೋಸ ಹೋಗುವುದು.

ಇಳಿಜಾರು ಎಷ್ಟಿರಬೇಕು ಅಂತ ಬಹಳ ಜನ ಕೇಳುತ್ತಾರೆ. ಸಾಲಿನ ನೀರಾವರಿಗೆ 100 ಮೀಟರಿಗೆ 5 ಸೆಂಟಿಮೀಟರಿನಿಂದ 50 ಸೆಂಟಿಮೀಟರಿನವರೆಗೆ ಇದ್ದರೆ ಒಳ್ಳೆಯದು. ನಮ್ಮ ಅಡಿ ಇಂಚಿನ ಲೆಕ್ಕದಲ್ಲಿ 100 ಅಡಿಗೆ ಎರಡೂವರೆ ಇಂಚು ಇಳಿದರೆ ಚೆಂದದ ಸಾಲು. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಇಳಿಜಾರು ಉದ್ದಕ್ಕೂ ಒಂದೇ ಸಮ ಇರಬೇಕು. ನಡುವೆ ಎರಡು ಇಂಚಿನ ಒಂದು ಗುಂಡಿ ಇದ್ದರೆ ನೀರು ಮೊದಲು ಅದನ್ನು ತುಂಬಬೇಕು. ಅಷ್ಟು ಹೊತ್ತು ಮುಂದಿನ ಗಿಡಗಳೆಲ್ಲ ಕಾಯುತ್ತಾ ನಿಲ್ಲುತ್ತವೆ. ಇದನ್ನು ನೋಡಲು ದೊಡ್ಡ ಯಂತ್ರ ಬೇಡ. ಗೌಂಡಿಗಳ ಹತ್ತಿರ ನೀರು ತುಂಬಿದ ಪಾರದರ್ಶಕ ಪೈಪು ಇರುತ್ತದಲ್ಲ, ಮಟ್ಟ ನೋಡುವುದು? ಅದನ್ನು ಒಂದು ದಿನಕ್ಕೆ ಕೇಳಿ ತನ್ನಿ. ಪ್ರತಿ ಹತ್ತು ಮೀಟರಿಗೆ ಒಂದು ಸಲ ಹಿಡಿದು ಬರೆದುಕೊಳ್ಳಿ. ನಿಮ್ಮದೇ ಹೊಲದ ಬಗ್ಗೆ ನಿಮಗೆ ಗೊತ್ತಿರದ ಸಂಗತಿಗಳು ಹೊರಗೆ ಬರುತ್ತವೆ.

ಈಗ ಸ್ವಲ್ಪ ಲೆಕ್ಕ. ಇದು ನನಗೆ ಬಹಳ ಮುಖ್ಯ, ಬೇಸರ ಮಾಡಿಕೊಳ್ಳಬೇಡಿ. ನೀರು ಎಷ್ಟು ಸಮನಾಗಿ ಹಂಚಿಕೆಯಾಗಿದೆ ಅಂತ ಹೇಳಲು ಒಂದು ಅಳತೆ ಇದೆ. ಹೊಲದ 12 ಕಡೆ ಇಂಗಿದ ನೀರು ಲೆಕ್ಕ ಹಾಕಿದಿರಿ ಅನ್ನಿ. ಅದರಲ್ಲಿ ತೀರಾ ಕಡಿಮೆ ಬಂದ 3 ಜಾಗ ಬೇರೆ ತೆಗೆಯಿರಿ. ಆ ಮೂರರ ಸರಾಸರಿಯನ್ನು ಇಡೀ ಹೊಲದ ಸರಾಸರಿಯಿಂದ ಭಾಗಿಸಿ. ಇಡೀ ಹೊಲದ್ದು 60 ಮಿಲಿಮೀಟರ್, ಕಡಿಮೆ ಬಂದ ಮೂರರದ್ದು 42 ಮಿಲಿಮೀಟರ್ ಆದರೆ ಸಮತೆ ನೂರಕ್ಕೆ 70. ಹೊಲದಲ್ಲಿ ಎಲ್ಲರಿಗಿಂತ ಬಡವರು ಯಾರು, ಅವರಿಗೆ ಎಷ್ಟು ಸಿಕ್ಕಿತು ಅಂತ ನೋಡುವ ಅಳತೆ ಇದು. ಅದಕ್ಕೇ ನನಗೆ ಇದು ಇಷ್ಟ.

ಆ ಬಡ ಜಾಗಕ್ಕೂ 60 ಮಿಲಿಮೀಟರ್ ಕೊಡಲೇಬೇಕು ಅಂತ ಹಟ ಹಿಡಿದರೆ? ಸಮತೆ 70 ಇರುವ ಹೊಲದಲ್ಲಿ ಸರಾಸರಿ 86 ಮಿಲಿಮೀಟರ್ ಬಿಡಬೇಕು. 26 ಮಿಲಿಮೀಟರ್ ಹೆಚ್ಚುವರಿ. ಒಂದು ಎಕರೆಯಲ್ಲಿ ಒಂದು ಮಿಲಿಮೀಟರ್ ಅಂದರೆ 4,047 ಲೀಟರ್. ಒಂದು ಸರದಿಗೆ, ಒಂದು ಎಕರೆಗೆ, ಒಂದು ಲಕ್ಷ ಲೀಟರಿಗೂ ಜಾಸ್ತಿ ನೀರು ಗಿಡಕ್ಕೆ ಸಿಗದೆ ಹೋಯಿತು. ಅದೇ ಹೊಲದ ಸಮತೆಯನ್ನು 85ಕ್ಕೆ ತಂದರೆ 71 ಮಿಲಿಮೀಟರ್ ಸಾಕು. ಹೊಸ ಡ್ಯಾಮು ಬೇಡ, ಹೊಸ ಬೋರು ಬೇಡ.

ಬೇರಿನ ಕೆಳಗೆ ಹೋದ ನೀರು ಅಂತರ್ಜಲಕ್ಕೆ ಸೇರಿತು, ಹಾಳೇನಾಯಿತು ಅಂತ ಒಬ್ಬರು ಕಳೆದ ಸಲ ಕೇಳಿದ್ದರು. ಒಳ್ಳೆಯ ಪ್ರಶ್ನೆ. ಬೋರು ಬತ್ತಿದ ಕೋಲಾರದ ಕಡೆಯಾದರೆ ನಾನೂ ಹಾಗೇ ಹೇಳುತ್ತಿದ್ದೆನೇನೋ. ಇಲ್ಲಿಯ ಕಥೆ ಬೇರೆ. ಗಂಗಾವತಿ, ಸಿರುಗುಪ್ಪ, ಸಿಂಧನೂರು ಕಡೆ ಸವಳು ಜವಳು ಹಿಡಿದ, ಅಂದರೆ ಉಪ್ಪೇರಿ ನೀರು ನಿಂತು ಕೆಟ್ಟ ಜಮೀನು ನೀವೇ ನೋಡಿದ್ದೀರಿ. ಕೆಳಗೆ ಇಳಿದ ನೀರು ಅಲ್ಲಿ ಹೋಗಲು ದಾರಿ ಇಲ್ಲದೆ ಮೇಲೇರಿತು. ನೆಲದಿಂದ ನಾಲ್ಕೈದು ಅಡಿ ಕೆಳಗೆ ನೀರು ಬಂದು ನಿಂತರೆ ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಮಣ್ಣು ಅದನ್ನು ಮೇಲಕ್ಕೆ ಎಳೆಯುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ನಿಲ್ಲುತ್ತದೆ. ಒಂದು ಲೀಟರ್ ನೀರಿನಲ್ಲಿ 200 ಮಿಲಿಗ್ರಾಂ ಉಪ್ಪು ಇದ್ದರೂ, ಒಂದು ಬೆಳೆಗೆ 60 ಸೆಂಟಿಮೀಟರ್ ನೀರು ಕೊಟ್ಟರೆ ಎಕರೆಗೆ ಸುಮಾರು 485 ಕೆ.ಜಿ. ಉಪ್ಪು ಬಂದು ಬಿದ್ದ ಹಾಗೆ. ನಾಲಿಗೆಗೆ ಸಿಹಿ ಅನ್ನಿಸುವ ನೀರಿನ ಲೆಕ್ಕ ಇದು. ಹೆಚ್ಚಿನ ನೀರು ಹೊರಗೆ ಬಸಿಯುವ ಬಸಿಗಾಲುವೆ ಇಲ್ಲದೆ ಅದು ಹೊಲ ಬಿಟ್ಟು ಹೋಗುವುದಿಲ್ಲ. ನೋವಿನ ಸಂಗತಿ ಏನೆಂದರೆ, ನೀರು ಜಾಸ್ತಿ ಬಿಟ್ಟವರದ್ದು ಎತ್ತರದ ಹೊಲ, ಸವಳು ಹಿಡಿಯುವುದು ತಗ್ಗಿನವರ ಹೊಲ.

ಒಂದು ಹೊಲದಲ್ಲಿ ಆಗುವುದೇ ಇಡೀ ಕಾಲುವೆಯಲ್ಲೂ ಆಗಿದೆ. 1953ರಲ್ಲಿ ನೀರು ಬಂದಾಗ ಈ ಯೋಜನೆಯನ್ನು ಮುಖ್ಯವಾಗಿ ಹಗುರ ನೀರಾವರಿಗೆ ಅಂತ ಮಾಡಿದ್ದರು. ಬರ ಬೀಳುವ ಸೀಮೆ ಇದು. ಸ್ವಲ್ಪ ಸ್ವಲ್ಪ ನೀರನ್ನು ಬಹಳ ಜನರಿಗೆ ಹಂಚಿ ಜೋಳ, ಹತ್ತಿ, ಶೇಂಗಾ ಕಾಪಾಡಬೇಕು ಅನ್ನುವುದು ಆಸೆ. ಆಮೇಲೆ ಏನಾಯಿತು ನಿಮಗೇ ಗೊತ್ತು. ಹೊರಗಿನಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಾದವು, ಭತ್ತ ಬಂತು, ತಲೆಯ ಭಾಗದಲ್ಲಿ ಎರಡು ಬೆಳೆ ಬಂತು. ಅದರಿಂದ ಬದುಕು ಕಟ್ಟಿಕೊಂಡವರನ್ನು ನಾನು ದೂರುವುದಿಲ್ಲ. ಕಣ್ಣ ಮುಂದೆ ನೀರು ಹರಿಯುವಾಗ ಯಾರಾದರೂ ಅದನ್ನೇ ಮಾಡುತ್ತಿದ್ದರು. ಆದರೆ ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯ ಕೊನೆಯಲ್ಲಿ, ಮಾನ್ವಿ, ರಾಯಚೂರು ಕಡೆ, ವರ್ಷ ವರ್ಷ ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗೆ ಇಳಿಯಬೇಕಾಗಿದೆ. ಡ್ಯಾಮೂ ಮೊದಲಿನಷ್ಟು ದೊಡ್ಡದಲ್ಲ. ಸುಮಾರು 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ.

ಸರಿ, ಏನು ಮಾಡಬಹುದು ಅನ್ನುವುದಕ್ಕೆ ಬರೋಣ.

ಮೊದಲನೆಯ ಕೆಲಸಕ್ಕೆ ದುಡ್ಡು ಬೇಡ. ನೀರು ತುದಿ ಮುಟ್ಟುವ ಹೊತ್ತನ್ನು ಕಡಿಮೆ ಮಾಡಿ. ತುದಿಯಲ್ಲಿ ನೀರು ನಾಲ್ಕು ಗಂಟೆ ನಿಲ್ಲಬೇಕಿದ್ದರೆ, ಅದು ಒಂದು ಗಂಟೆಯೊಳಗೆ ತುದಿ ಮುಟ್ಟಬೇಕು. ಕಾಲು ಭಾಗದ ಲೆಕ್ಕ ಅಂತ ನೆನಪಿಡಿ. ಆಗ ತಲೆಗೆ ಐದು ಗಂಟೆ, ತುದಿಗೆ ನಾಲ್ಕು ಗಂಟೆ. ಮಸಾರಿಯಲ್ಲಿ ಕೂಡ ವ್ಯತ್ಯಾಸ ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ.

ಬೇಗ ಮುಟ್ಟಿಸುವುದು ಹೇಗೆ? ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್. ಇದರ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ಗೋಡೆಗೆ ಬರೆದಿಡಿ. ಒಂದು ಕ್ಯೂಸೆಕ್ ನೀರು ಒಂದು ಗಂಟೆ ಹರಿದರೆ ಒಂದು ಎಕರೆಗೆ ಒಂದು ಇಂಚು. ಆ ಒಂದು ಕ್ಯೂಸೆಕ್ಕನ್ನು ಬೇಗ ಮುಗಿಯಲಿ ಅಂತ ನಾವು ಮೂವತ್ತು ಸಾಲಿಗೆ ಒಮ್ಮೆಗೇ ಬಿಡುತ್ತೇವೆ. ಒಂದು ಸಾಲಿಗೆ ಸೆಕೆಂಡಿಗೆ ಒಂದು ಲೀಟರೂ ಸಿಗುವುದಿಲ್ಲ. ನೀರು ತೆವಳುತ್ತದೆ, ತಲೆಯಲ್ಲಿ ಇಂಗುತ್ತಲೇ ಇರುತ್ತದೆ. ಬೇಗ ಮುಗಿಸಲು ಹೋಗಿ ತಡ ಮಾಡಿಕೊಂಡ ಹಾಗಾಯಿತು. ಅದೇ ನೀರನ್ನು ಹದಿನಾಲ್ಕು ಸಾಲಿಗೆ ಬಿಡಿ. ಸಾಲಿಗೆ ಎರಡು ಲೀಟರ್ ಸಿಗುತ್ತದೆ, ನೀರು ಓಡುತ್ತದೆ. ತುದಿ ಮುಟ್ಟಿದ ಕೂಡಲೇ ಅರ್ಧಕ್ಕೆ ಇಳಿಸಿ, ಉಳಿದರ್ಧವನ್ನು ಮುಂದಿನ ಸಾಲುಗಳಿಗೆ ತಿರುಗಿಸಿ.

ಜೋರು ಅಂದರೆ ಎಷ್ಟು ಜೋರು? ಮಣ್ಣು ಕೊಚ್ಚಬಾರದು. ಇದಕ್ಕೊಂದು ಹಳೆಯ ಅಂದಾಜಿದೆ. 0.6ನ್ನು ನೂರು ಮೀಟರಿಗೆ ಎಷ್ಟು ಮೀಟರ್ ಇಳಿಜಾರು ಇದೆಯೋ ಅದರಿಂದ ಭಾಗಿಸಿ. 20 ಸೆಂಟಿಮೀಟರ್ ಇಳಿಯುವ ಹೊಲಕ್ಕೆ ಒಂದು ಸಾಲಿಗೆ ಸೆಕೆಂಡಿಗೆ ಹೆಚ್ಚೆಂದರೆ 3 ಲೀಟರ್, 50 ಸೆಂಟಿಮೀಟರ್ ಇಳಿಯುವ ಹೊಲಕ್ಕೆ 1.2 ಲೀಟರ್. ಸಾಲಿನಲ್ಲಿ ನೀರು ಕೆಂಪಾಗಿ ಮಣ್ಣು ಹೊತ್ತು ಹರಿಯುತ್ತಿದ್ದರೆ ಲೆಕ್ಕ ಏನೇ ಹೇಳಲಿ, ಕಡಿಮೆ ಮಾಡಿ.

ಎರಡನೆಯದು, ಸಾಲನ್ನು ಗಿಡ್ಡ ಮಾಡುವುದು. ಮಸಾರಿಯಲ್ಲಿ 200 ಮೀಟರ್ ಸಾಲು ಬೇಡವೇ ಬೇಡ. ನಡುವೆ ಒಂದು ಅಡ್ಡ ಹೊಲಗಾಲುವೆ ತೆಗೆದು 100 ಮೀಟರಿನ ಎರಡು ಮಾಡಿ. ಸ್ವಲ್ಪ ಜಾಗ ಹೋಗುತ್ತದೆ, ಟ್ರ್ಯಾಕ್ಟರ್ ತಿರುಗಿಸಲು ಕಿರಿಕಿರಿ. ನಿಜ. ಆದರೂ ಮಾಡಿ.

ಸಲಿಕೆಯಿಂದ ಬಾಯಿ ಕೊಯ್ಯುವಾಗ ಒಂದು ಸಾಲಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಹೋಗುತ್ತದೆ. ಎಷ್ಟೇ ಅನುಭವಿಯ ಕೈಯಾದರೂ ತಪ್ಪುತ್ತದೆ, ಯಾಕೆಂದರೆ ಕೊಯ್ದ ಬಾಯಿ ತಾನೇ ಅಗಲವಾಗುತ್ತಾ ಹೋಗುತ್ತದೆ. ಒಂದೇ ಅಳತೆಯ ಬಾಗಿದ ಸೈಫನ್ ಪೈಪುಗಳನ್ನು ಹೊಲಗಾಲುವೆಯ ದಂಡೆಯ ಮೇಲೆ ಇಟ್ಟರೆ ಎಲ್ಲ ಸಾಲಿಗೂ ಸಮ ನೀರು. ಕಾಲುವೆ ದಂಡೆಯೂ ಹಾಳಾಗುವುದಿಲ್ಲ. ಅರ್ಧ ಮಾಡಬೇಕಾದಾಗ ಎರಡು ಪೈಪಿನಲ್ಲಿ ಒಂದನ್ನು ತೆಗೆದರೆ ಆಯಿತು. ಇಷ್ಟು ಸರಳವಾದದ್ದು ನಮ್ಮ ಕಡೆ ಯಾಕೆ ಹೆಚ್ಚು ಬಳಕೆಗೆ ಬಂದಿಲ್ಲ ಅಂತ ನನಗೆ ಪ್ರತಿ ಸಲ ಬೇಸರವಾಗುತ್ತದೆ.

ಅಮೆರಿಕದ ಯೂಟಾದಲ್ಲಿ 1979ರ ಹೊತ್ತಿಗೆ ಇನ್ನೊಂದು ಉಪಾಯ ಕಂಡುಕೊಂಡರು. ನೀರನ್ನು ಒಂದೇ ಸಮ ಬಿಡದೆ ಬಿಟ್ಟು ಬಿಟ್ಟು ಹರಿಸುವುದು. ಅರ್ಧ ಗಂಟೆ ಬಿಟ್ಟು, ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಬಿಡುವುದು. ನಿಂತ ಹೊತ್ತಿನಲ್ಲಿ ಒದ್ದೆ ಮಣ್ಣಿನ ಮೇಲ್ಪದರ ಕೂತುಕೊಳ್ಳುತ್ತದೆ. ಮುಂದಿನ ಸಲ ನೀರು ಅದರ ಮೇಲೆ ಜಾರಿಕೊಂಡು ಬೇಗ ಮುಂದೆ ಹೋಗುತ್ತದೆ. ಉತ್ತ ಮೇಲಿನ ಮೊದಲ ನೀರಿಗೆ ಇದನ್ನು ಮಾಡಿ ನೋಡಿ. ಮಣ್ಣು ಸಡಿಲ ಇರುವುದರಿಂದ ಮೊದಲ ನೀರೇ ಎಲ್ಲಕ್ಕಿಂತ ನಿಧಾನ, ತಲೆಗೂ ತುದಿಗೂ ವ್ಯತ್ಯಾಸ ಜಾಸ್ತಿ ಆಗುವುದೂ ಅದರಲ್ಲೇ.

ಹೊಲ ಮಟ್ಟ ಮಾಡುವ ಲೇಸರ್ ಲೆವೆಲ್ಲರ್ ಬಗ್ಗೆ ನಿಮಗೆ ನಾನು ಹೊಸದಾಗಿ ಹೇಳಬೇಕಿಲ್ಲ. ಭತ್ತದ ಗದ್ದೆಯವರು ಮಾಡಿಸುತ್ತಿದ್ದೀರಿ. ಒಂದು ಎಚ್ಚರಿಕೆ ಮಾತ್ರ. ಎತ್ತರದ ಜಾಗದಲ್ಲಿ ಅರ್ಧ ಅಡಿಗಿಂತ ಜಾಸ್ತಿ ಕೆತ್ತಿದರೆ ಮೇಲ್ಮಣ್ಣು ಹೋಗಿ ಕೆಳಗಿನ ಸುಣ್ಣದ ಮಣ್ಣು ಮೇಲೆ ಬರುತ್ತದೆ. ಅಲ್ಲಿ ಎರಡು ಮೂರು ವರ್ಷ ಬೆಳೆ ಸೊರಗುತ್ತದೆ. ಅಂಥ ಕಡೆ ಇಡೀ ಹೊಲ ಒಂದೇ ಮಟ್ಟ ಮಾಡುವ ಆಸೆ ಬಿಟ್ಟು, ಹೊಲವನ್ನು ಎರಡು ಮಡಿ ಮಾಡಿ ಬೇರೆ ಬೇರೆ ಮಟ್ಟ ಮಾಡಿಸಿ. ಕೆತ್ತಿದ ಜಾಗಕ್ಕೆ ಕೊಟ್ಟಿಗೆ ಗೊಬ್ಬರ ಜಾಸ್ತಿ ಹಾಕಿ.

ಮಾತು ಮುಗಿಸುವ ಹೊತ್ತಿಗೆ ಹಿರಿಯರೊಬ್ಬರು ಎದ್ದು ನಿಂತರು. "ಇದೆಲ್ಲ ಖರೆ ಅದರೀ ಸರ. ಆದ್ರ ಮುಂದಿನ ಸರದಿಗೆ ನೀರು ಬರತದೋ ಇಲ್ಲೋ ಯಾರಿಗೆ ಗೊತ್ತು? ಬಂದಾಗ ತುಂಬಿಸಿಕೊಳ್ಳದೆ ಹೆಂಗ ಬಿಡಬೇಕು?" ಎಂದರು. ಸಭೆಯಲ್ಲಿ ಎಲ್ಲರೂ ತಲೆ ಆಡಿಸಿದರು.

ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅವರು ಹೇಳಿದ್ದು ಸರಿ. ನಾಳೆ ಊಟ ಸಿಗುತ್ತೋ ಇಲ್ಲವೋ ಗೊತ್ತಿಲ್ಲದವರಿಗೆ ಇವತ್ತು ಅಳತೆಯಲ್ಲಿ ಉಣ್ಣಿ ಅಂತ ಹೇಳಲಾಗುವುದಿಲ್ಲ. ಸರದಿ ನಂಬುವ ಹಾಗೆ ಇದ್ದರೆ ಮಾತ್ರ ರೈತ ನೀರು ಬಿಡುವಾಗ ಕೈ ಬಿಗಿ ಹಿಡಿಯುತ್ತಾನೆ. ದಿನ, ಗಂಟೆ ಬರೆದು ತೂಬಿನ ಹತ್ತಿರ ಹಾಕಬೇಕು, ಅದರಂತೆ ಬಿಡಬೇಕು. ಇದನ್ನು ಕೇಳುವ ಹಕ್ಕು ನಿಮಗಿದೆ, ಒಟ್ಟಾಗಿ ಕೇಳಿ. ಆದರೆ ಒಂದು ಮಾತು ಅವರಿಗೆ ಹೇಳಿದೆ. ಯಜಮಾನರೇ, ಬೇರು ಎರಡು ಅಡಿ ಇದ್ದರೆ ಎರಡು ಅಡಿ ಮಣ್ಣು ಹಿಡಿಯುವಷ್ಟೇ ನಿಮ್ಮದು. ಅದಕ್ಕಿಂತ ಜಾಸ್ತಿ ಬಿಟ್ಟಿದ್ದು ಮುಂದಿನ ಸರದಿವರೆಗೆ ನಿಮಗಾಗಿ ಕಾದು ಕೂರುವುದಿಲ್ಲ. ತುಂಬಿಸಿಕೊಂಡೆ ಅಂತ ಅನ್ನಿಸುತ್ತದೆ, ಉಳಿದಿರುವುದಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ನೆ ನಿಂತು, "ಅದನ್ನ ನೋಡಬೇಕಲ್ರಿ ಕಣ್ಣಿಂದ" ಎಂದರು.

ನೋಡಬಹುದು. ಮಸಾರಿ ಹೊಲದಲ್ಲಿ ನೀರು ಕಟ್ಟಿದ ಎರಡನೇ ದಿನ ಒಂದು ಕಬ್ಬಿಣದ ಸಲಾಕೆ ತಗೊಂಡು ಒತ್ತಿ. ಒದ್ದೆ ಇರುವ ತನಕ ಸುಲಭವಾಗಿ ಇಳಿಯುತ್ತದೆ, ಒಣ ಮಣ್ಣು ಬಂದ ಕೂಡಲೇ ನಿಲ್ಲುತ್ತದೆ. ತಲೆಯಲ್ಲಿ ನಾಲ್ಕು ಅಡಿ ಇಳಿದು ನಡುವೆ ಒಂದೂವರೆ ಅಡಿಗೆ ನಿಂತರೆ ಮತ್ತೇನೂ ಹೇಳಬೇಕಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಕೇಳಿದರು. "ನಮಗ ನೀರು ಬರೋದೇ ರಾತ್ರಿರೀ. ಕತ್ತಲದಾಗ ನೀರು ಎಲ್ಲಿಗೆ ಮುಟ್ಟಿತು ಅಂತ ಹೆಂಗ ಗೊತ್ತಾಗಬೇಕು?" ಇಡೀ ದಿನದಲ್ಲಿ ಇಷ್ಟು ಕೆಲಸಕ್ಕೆ ಬರುವ ಪ್ರಶ್ನೆ ಬೇರೆ ಯಾರೂ ಕೇಳಲಿಲ್ಲ. ಸಾಲಿನ ಉದ್ದಕ್ಕೂ ಗೂಟ ನೆಟ್ಟು ಸುಣ್ಣ ಬಳಿದರೆ ಬ್ಯಾಟರಿ ಬೆಳಕಿಗೆ ಕಾಣುತ್ತದೆ ಅಂದೆ. ಅವರು ಅಷ್ಟಕ್ಕೆ ಬಿಡಲಿಲ್ಲ. ಗೂಟದ ಬುಡದಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿಯೊಂದನ್ನು ದಾರದಿಂದ ಕಟ್ಟಿದರೆ ನೀರು ಬಂದಾಗ ಅದು ತೇಲುತ್ತದೆ, ದೂರದಿಂದಲೇ ಹೊಳೆಯುತ್ತದೆ ಅಂದರು. ನನಗೆ ಇದು ಹೊಳೆದಿರಲಿಲ್ಲ.

ಸಭೆ ಮುಗಿದ ಮೇಲೆ ಆ ಅಕ್ಕನ ಮೆಣಸಿನಕಾಯಿ ಹೊಲಕ್ಕೆ ಏಳೆಂಟು ಜನ ಹೋದೆವು. ಸಾಲಿನ ಉದ್ದ ಅಳೆದೆವು, 140 ಮೀಟರ್ ಬಂತು. 35 ಮೀಟರಿಗೆ ಒಂದರಂತೆ ತಲೆಯಿಂದ ತುದಿವರೆಗೆ ಐದು ಗೂಟ ನೆಟ್ಟು, ಒಂದೊಂದಕ್ಕೂ ಬಾಟಲಿ ಕಟ್ಟಿದೆವು. ಅವರ ಮಗಳು ಹತ್ತನೇ ಕ್ಲಾಸು. ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದು, ನೀರು ಬಂದ ಹೊತ್ತು, ನೀರು ಇಂಗಿದ ಹೊತ್ತು ಅಂತ ಬರೆದುಕೊಂಡಳು. ಅವರ ಸರದಿ ಮಂಗಳವಾರ ರಾತ್ರಿ.